ಹಾಲು ಬಿಟ್ಟಿದ್ದಕ್ಕೇ ಸುಸ್ತಾ? ಒಂದು ವೀಗನ್ ಪ್ರಕರಣ

ಸಸ್ಯಾಹಾರಿಯೊಬ್ಬರು ವೀಗನ್ ಆಗ್ತೀನಿ, ಅಂದರೆ ಹಾಲು ಮೊಸರೂ ಸೇರಿ ಪ್ರಾಣಿಯಿಂದ ಬರುವ ಏನನ್ನೂ ಮುಟ್ಟೋದಿಲ್ಲ ಅಂದಾಗ, ಸುತ್ತಲಿನವರು ಹೇಳುವುದು ಎರಡೇ ಮಾತು. ಒಂದು, 'ನಿಮಗೇನು ಬಿಡಿ, ಮುಕ್ಕಾಲು ದಾರಿ ಆಗಲೇ ಬಂದಿದ್ದೀರಿ, ಹಾಲೊಂದು ಬಿಟ್ಟರೆ ಮುಗೀತು.' ಇನ್ನೊಂದು, 'ಹಾಲೂ ಬಿಟ್ಟರೆ ಇನ್ನೇನು ತಿಂತೀರಿ?' ನನಗೆ ಮೊದಲನೆಯ ಮಾತೇ ಜಾಸ್ತಿ ಅಪಾಯದ್ದು ಅನಿಸುತ್ತದೆ. ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಹಾಲು ಹತ್ತರಲ್ಲಿ ಹನ್ನೊಂದು. ಸಸ್ಯಾಹಾರಿಗೆ ಹಾಗಲ್ಲ. ವಿಟಮಿನ್ ಬಿ12, ಕ್ಯಾಲ್ಸಿಯಂ, ಅಯೋಡಿನ್, ಒಳ್ಳೆಯ ಪ್ರೋಟೀನು, ಇಷ್ಟಕ್ಕೂ ಹಾಲು ಮೊಸರೇ ಆಸರೆ. ಅದನ್ನು ತೆಗೆದರೆ ನಾಲ್ಕೈದು ಕೆಲಸ ಒಟ್ಟಿಗೆ ನಿಂತುಹೋಗುತ್ತವೆ. ಆದರೆ ಆಮೇಲೆ ಬರುವ ಪ್ರತಿ ತೊಂದರೆಯನ್ನೂ ಹಾಲು ಬಿಟ್ಟಿದ್ದರ ತಲೆಗೇ ಕಟ್ಟುವುದೂ ತಪ್ಪು. ಈ ಪ್ರಕರಣದಲ್ಲಿ ಎರಡೂ ಇವೆ.

ಬಂದಾಗಿನ ಸ್ಥಿತಿ

ಆಹಾರ ಸಲಹೆ ಕೇಳಿ ಬಂದವರು 36 ವರ್ಷದ ಮಹಿಳೆ. ಹುಟ್ಟಿದಾಗಿನಿಂದ ಸಸ್ಯಾಹಾರಿ, ಮೊಟ್ಟೆಯೂ ತಿಂದವರಲ್ಲ. ಕುಳಿತು ಮಾಡುವ ಕೆಲಸ. ವೀಗನ್ ಆಗಿ ನಾಲ್ಕು ತಿಂಗಳಾಗಿತ್ತು. ಕಾರಣ ಆರೋಗ್ಯವಲ್ಲ, ತೂಕವೂ ಅಲ್ಲ. ಹಸು ಕರು ಹಾಕಿದರಷ್ಟೇ ಹಾಲು ಕೊಡುತ್ತದೆ, ಹಾಲು ಬೇಕೆಂದರೆ ಮತ್ತೆ ಮತ್ತೆ ಗಬ್ಬ ಕಟ್ಟಿಸಬೇಕು, ಹುಟ್ಟಿದ ಗಂಡು ಕರು ಹೈನುಗಾರಿಕೆಗೆ ಬೇಡವಾದದ್ದು. ಇದನ್ನೆಲ್ಲ ಯೋಚಿಸುತ್ತಾ ಹೋದಂತೆ ಹಾಲಿನ ಲೋಟ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲವಂತೆ. ಒಂದು ಭಾನುವಾರ ತೀರ್ಮಾನ ಮಾಡಿದರು, ಸೋಮವಾರದಿಂದ ಹಾಲು, ಮೊಸರು, ಬೆಣ್ಣೆ, ಚೀಸ್ ಎಲ್ಲ ಬಂದ್.

ನನ್ನ ಬಳಿ ಬಂದಾಗ ದೂರು ದೊಡ್ಡದಿತ್ತು. ಮಧ್ಯಾಹ್ನ ಮೂರು ಗಂಟೆಗೆಲ್ಲ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕೂದಲು ಉದುರುತ್ತಿತ್ತು. ತೂಕ 58 ಕೆಜಿಯಿಂದ 54ಕ್ಕೆ ಇಳಿದಿತ್ತು. ಕೊನೆಗೆ, ಸುಮ್ನೆ ಮಾತಿನ ಮಧ್ಯೆ ಹೇಳಿದ್ದು: ರಾತ್ರಿ ಮಲಗಿದಾಗ ಕಾಲ್ಬೆರಳುಗಳು ಜುಮುಜುಮು ಅನ್ನುತ್ತವೆ.

ಮನೆಯಲ್ಲಿ ತೀರ್ಪು ಆಗಲೇ ಬಂದಾಗಿತ್ತು. 'ಹಾಲು ಬಿಟ್ಟರೆ ಮೂಳೆ ಸವೆಯುತ್ತೆ ಕಣೇ ಅಂತ ಬಡ್ಕೊಂಡೆ, ಕೇಳಿದ್ಯಾ?' ಅಂತ ಅಮ್ಮ. ಇವರಿಗೂ ಅನುಮಾನ ಶುರುವಾಗಿತ್ತು. 'ನನ್ನ ಮೈಗೆ ಇದು ಒಗ್ಗಲ್ಲ ಅನ್ಸುತ್ತೆ. ಮೊಸರೊಂದಾದ್ರೂ ಮತ್ತೆ ಶುರು ಮಾಡ್ಲಾ?' ಎಂದು ಕೇಳಿದರು.

ಮೊಸರು ತಿನ್ನುವುದು ಬಿಡುವುದು ಅವರಿಷ್ಟ. ಆದರೆ ಮೊಸರಿಗೂ ಕಾಲ್ಬೆರಳಿನ ಜುಮುಜುಮಿಗೂ ಇರುವ ನಂಟು ಅವರಂದುಕೊಂಡಷ್ಟು ಸರಳವಾಗಿರಲಿಲ್ಲ. ಜುಮುಜುಮು ಅಂದರೆ ನರದ ಮಾತು. ಅದಕ್ಕೆ ಊಟದ ಪಟ್ಟಿ ಬರೆದುಕೊಟ್ಟು ಕೂರುವಂತಿಲ್ಲ. ಮೊದಲು ವೈದ್ಯರ ಹತ್ತಿರ, ರಕ್ತ ಪರೀಕ್ಷೆಗೆ ಕಳಿಸಿದೆ.

ವರದಿ ಹೇಳಿದ್ದು

ಹಿಮೋಗ್ಲೋಬಿನ್ 11.4. ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, 11. ವಯಸ್ಕರಲ್ಲಿ ಇದು 15ಕ್ಕಿಂತ ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ. ಬಿ12 142. ಸಾಮಾನ್ಯವಾಗಿ 200ರ ಕೆಳಗೆ ಹೋದರೆ ಕೊರತೆ ಅನ್ನುತ್ತಾರೆ. ಥೈರಾಯ್ಡ್ ಸರಿ ಇತ್ತು.

ಕುತೂಹಲದ ಸಂಗತಿ ಇನ್ನೊಂದಿತ್ತು. ಕೆಂಪು ರಕ್ತಕಣಗಳ ಸರಾಸರಿ ಗಾತ್ರ ಪಕ್ಕಾ ನಾರ್ಮಲ್. ಕಬ್ಬಿಣ ಕಡಿಮೆಯಾದರೆ ಕಣಗಳು ಚಿಕ್ಕದಾಗುತ್ತವೆ. ಬಿ12 ಕಡಿಮೆಯಾದರೆ ದೊಡ್ಡದಾಗುತ್ತವೆ. ಎರಡೂ ಒಟ್ಟಿಗೆ ಕಡಿಮೆಯಾದರೆ? ಚಿಕ್ಕದು ಒಂದಷ್ಟು, ದೊಡ್ಡದು ಒಂದಷ್ಟು, ಸರಾಸರಿ ತೆಗೆದರೆ ಏನೂ ಆಗಿಲ್ಲವೇನೋ ಎಂಬ ಅಂಕಿ. ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ತೋರಿಸುವ ಪಕ್ಕದ ಅಂಕಿ ಮಾತ್ರ ಮೇಲೇರಿತ್ತು. ಅದಕ್ಕೇ ರಕ್ತದ ಸಾಮಾನ್ಯ ಪರೀಕ್ಷೆಯೊಂದನ್ನೇ ನಂಬಿಕೊಂಡು 'ಎಲ್ಲ ಸರಿ ಇದೆ' ಅನ್ನಬಾರದು. ಸೊಪ್ಪು, ಕಾಳು ಚೆನ್ನಾಗಿ ತಿನ್ನುವವರಲ್ಲಿ ಇನ್ನೊಂದು ಮರೆಯೂ ಇದೆ. ಅವರಿಗೆ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳವಾಗಿ ಸಿಗುತ್ತದೆ. ಫೋಲೇಟ್ ಜಾಸ್ತಿ ಇದ್ದರೆ ಬಿ12 ಕೊರತೆಯ ಗುರುತು ರಕ್ತದಲ್ಲಿ ಕಾಣಿಸದೆ ಇರಬಹುದು, ನರಕ್ಕೆ ಆಗುವ ಹಾನಿ ಮಾತ್ರ ಒಳಗೊಳಗೇ ನಡೆಯುತ್ತಿರುತ್ತದೆ.

ಈಗ ಮುಖ್ಯ ಪ್ರಶ್ನೆ. ಈ 142 ನಾಲ್ಕು ತಿಂಗಳ ಹಾಲಿಲ್ಲದ ಊಟದಿಂದ ಬಂದದ್ದಾ?

ಲೆಕ್ಕ ಹಾಕಿದರೆ ಹಾಗಾಗಲು ಸಾಧ್ಯವೇ ಇಲ್ಲ. ಆರೋಗ್ಯವಂತ ವಯಸ್ಕರ ದೇಹದಲ್ಲಿ 2ರಿಂದ 5 ಮಿಲಿಗ್ರಾಂ ಬಿ12 ಕೂಡಿಟ್ಟಿರುತ್ತದೆ, ಹೆಚ್ಚಿನದ್ದು ಯಕೃತ್ತಿನಲ್ಲಿ. ದಿನಕ್ಕೆ ಬೇಕಾಗುವುದು 2.4 ಮೈಕ್ರೋಗ್ರಾಂ. ಅಂದರೆ ಗಂಟು ದೊಡ್ಡದು, ಖರ್ಚು ಚಿಕ್ಕದು. ತುಂಬಿದ ಗಂಟು ಕರಗಲು ವರ್ಷಗಳೇ ಬೇಕು. ನಾಲ್ಕು ತಿಂಗಳಲ್ಲಿ ಕೈ ಖಾಲಿಯಾಗಿದೆ ಅಂದರೆ ಹಾಲು ಬಿಡುವ ಮೊದಲೇ ಅದು ತಳ ಕಂಡಿತ್ತು ಅಂತ ಅರ್ಥ.

ಹಳೆಯ ಕಥೆ ಕೆದಕಿದಾಗ ಎರಡು ಎಳೆ ಸಿಕ್ಕವು. ಒಂದು, ಹೊಟ್ಟೆಯುರಿಗೆಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ್ದರು. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ಆಮ್ಲವೇ ಇಲ್ಲದಿದ್ದರೆ ಹಾಲು ಕುಡಿದರೂ ಅದರ ಬಿ12 ಪೂರ್ತಿ ಒಳಗೆ ಹೋಗುವುದಿಲ್ಲ. ಎರಡು, ಅವರು ಕುಡಿಯುತ್ತಿದ್ದ ಹಾಲೇ ಕಮ್ಮಿ. ಕಾಫಿಗೆ ಸ್ವಲ್ಪ, ಊಟದ ಕೊನೆಗೆ ಒಂದು ಬಟ್ಟಲು ಮೊಸರು. ಒಂದು ಲೋಟ ಹಾಲಿನಲ್ಲಿ ಸುಮಾರು 1.2 ಮೈಕ್ರೋಗ್ರಾಂ ಬಿ12 ಇರುತ್ತದೆ, ಕುದಿಸಿದಾಗ ಒಂದಷ್ಟು ಹೋಗುತ್ತದೆ. ಹೀಗಾಗಿ ಇವರು ಸಸ್ಯಾಹಾರಿಯಾಗಿದ್ದಾಗಲೇ ಬಿ12 ಕೊರತೆಯ ದಾರಿ ಹಿಡಿದಿದ್ದರು. ಹಾಲು ಬಿಟ್ಟದ್ದು ಕಾರಣವಲ್ಲ, ಗುಟ್ಟು ಹೊರಬರಲು ಒಂದು ನೆಪ ಅಷ್ಟೇ.

ಕಬ್ಬಿಣದ ಕಥೆಯೂ ಹೀಗೇ. ಹಾಲಿನಲ್ಲಿ ಕಬ್ಬಿಣ ಹೆಸರಿಗೆ ಮಾತ್ರ. ಅದನ್ನು ಬಿಟ್ಟರೆ ಕಬ್ಬಿಣ ಕಡಿಮೆಯಾಗಲು ದಾರಿಯೇ ಇಲ್ಲ. ಊಟವಾದ ತಕ್ಷಣ ಕಾಫಿ ಕುಡಿಯುವುದು ಇವರ ಹಳೇ ಅಭ್ಯಾಸ. ಕಾಳು, ಸೊಪ್ಪಿನ ಕಬ್ಬಿಣವನ್ನು ಕಾಫಿ, ಟೀಯಲ್ಲಿರುವ ಒಗರು ಅಂಶಗಳು ಹಿಡಿದಿಟ್ಟುಕೊಳ್ಳುತ್ತವೆ. ಅದರ ಮೇಲೆ ತಿಂಗಳ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಎಂಬುದೂ ಗೊತ್ತಾಯಿತು. ಅದನ್ನು ವೈದ್ಯರು ಬೇರೆಯಾಗಿ ನೋಡಿಕೊಂಡರು.

ಹಾಗಾದರೆ ಹಾಲು ಬಿಟ್ಟಿದ್ದರಿಂದ ಆದದ್ದೇನು?

ಆದದ್ದೂ ಇದೆ. ಮೂರು ದಿನದ ಊಟ ಬರೆದು ತನ್ನಿ ಅಂದಿದ್ದೆ. ಒಂದು ಮಧ್ಯಾಹ್ನದ ತಟ್ಟೆ ಇಲ್ಲಿದೆ: ತಟ್ಟೆ ತುಂಬ ಅನ್ನ, ತೆಳ್ಳಗೆ ಬೇಯಿಸಿದ ಬೇಳೆ ಒಂದು ಸೌಟು, ಎರಡು ಚಮಚ ಪಲ್ಯ. ಮೊದಲೂ ಇದೇ ತಟ್ಟೆ, ಕೊನೆಗೆ ಒಂದು ಬಟ್ಟಲು ಮೊಸರು ಬೇರೆ. ಈಗ ಬಟ್ಟಲು ಹೋಗಿದೆ. ಅದರ ಜಾಗಕ್ಕೆ ಏನೂ ಬಂದಿಲ್ಲ. ಬೆಳಿಗ್ಗೆ ಬ್ರೆಡ್ಡಿನ ಮೇಲಿನ ಚೀಸ್ ಹೋಗಿ ಜಾಮ್ ಬಂದಿದೆ. ಹಾಲಿನ ಕಾಫಿ ಹೋಗಿ ಕಪ್ಪು ಕಾಫಿ ಬಂದಿದೆ. ಸಂಜೆ ಹಸಿವಾದಾಗ 'ವೀಗನ್' ಎಂದು ಬರೆದ ಚಿಪ್ಸ್ ಮತ್ತು ಬಿಸ್ಕತ್ತು.

ಇದರಲ್ಲಿ ಪ್ರೋಟೀನು ದಿನಕ್ಕೆ 32, 33 ಗ್ರಾಂ ದಾಟುತ್ತಿರಲಿಲ್ಲ. ಕನಿಷ್ಠ ಲೆಕ್ಕ, ಅಂದರೆ ದೇಹತೂಕದ ಒಂದು ಕಿಲೋಗೆ 0.8 ಗ್ರಾಂ, ಹಿಡಿದರೂ ಇವರಿಗೆ 43 ಗ್ರಾಂ ಬೇಕು. ಸಸ್ಯದ ಪ್ರೋಟೀನು ಅರಗುವುದು ಸ್ವಲ್ಪ ಕಡಿಮೆ, ಹಾಗಾಗಿ ಕಿಲೋಗೆ 1 ಗ್ರಾಂ ಇಟ್ಟುಕೊಳ್ಳುವುದು ಕ್ಷೇಮ. ಕ್ಯಾಲ್ಸಿಯಂ ಬೇಕಾದದ್ದು 1000 ಮಿ.ಗ್ರಾಂ, ಸಿಗುತ್ತಿದ್ದದ್ದು ಅದರ ಮೂರನೇ ಒಂದು ಭಾಗ. ಒಟ್ಟು ಕ್ಯಾಲೊರಿಯೂ ಕುಸಿದಿತ್ತು. ತೂಕ ಇಳಿದದ್ದು, ಮಧ್ಯಾಹ್ನದ ಸುಸ್ತಿನಲ್ಲಿ ಒಂದು ಪಾಲು, ಬಹುಶಃ ಕೂದಲು ಉದುರಿದ್ದರಲ್ಲೂ ಒಂದು ಪಾಲು, ಇದರ ಖಾತೆಗೆ.

ಜೊತೆಗೆ ಯಾರೂ ನೋಡದ ಒಂದು ಸಣ್ಣ ವಿಷಯ. ವೀಗನ್ ಆಗುವಾಗಲೇ 'ಒಳ್ಳೆಯದು' ಎಂದು ಉಪ್ಪನ್ನೂ ಬದಲಿಸಿದ್ದರು. ಅಯೋಡಿನ್ ಸೇರಿಸಿದ ಪುಡಿ ಉಪ್ಪು ಹೋಗಿ ಗುಲಾಬಿ ಬಣ್ಣದ ಕಲ್ಲುಪ್ಪು ಬಂದಿತ್ತು. ಹಾಲೂ ಇಲ್ಲ, ಅಯೋಡಿನ್ ಉಪ್ಪೂ ಇಲ್ಲ ಅಂದರೆ ಅಯೋಡಿನ್ ಬರುವ ಎರಡು ಬಾಗಿಲೂ ಒಟ್ಟಿಗೆ ಮುಚ್ಚಿದಂತೆ. ಅಯೋಡಿನ್ ನಂಬಿಕೊಂಡಿರುವ ಥೈರಾಯ್ಡ್ ಇನ್ನೂ ಕೆಟ್ಟಿರಲಿಲ್ಲ, ಅದು ಅದೃಷ್ಟ. ಹಳೆ ಉಪ್ಪಿಗೆ ವಾಪಸ್ ಹೋಗಲು ಹೇಳಿದೆ. ಈ ಪ್ರಕರಣದಲ್ಲಿ ಅತಿ ಸುಲಭವಾಗಿ ಮುಗಿದ ಕೆಲಸ ಇದೊಂದೇ.

ಮಾಡಿದ್ದು

ಬಿ12 ವಿಷಯದಲ್ಲಿ ಊಟದಿಂದ ಸರಿಮಾಡುವ ಯೋಚನೆಯನ್ನೇ ಬಿಟ್ಟೆವು. ನರದ ಲಕ್ಷಣ ಇದ್ದದ್ದರಿಂದ ವೈದ್ಯರು ಮೊದಲು ಇಂಜೆಕ್ಷನ್ ಕೊಟ್ಟರು, ಆಮೇಲೆ ಮಾತ್ರೆಗೆ ತಂದರು. ಇಂಜೆಕ್ಷನ್ ಮುಗಿದ ಮೇಲೆ ಜೀವನಪೂರ್ತಿ ಮಾತ್ರೆಯಾ ಎಂದು ಇವರು ಕೇಳಿದರು. ಹೌದು, ವೀಗನ್ ಆಗಿರುವಷ್ಟು ಕಾಲವೂ. ಬಿ12 ಮಾಡುವುದು ಬ್ಯಾಕ್ಟೀರಿಯಾ. ಗಿಡಗಳು ಅದನ್ನು ಮಾಡುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯಂಥ ಪುಡಿಯಲ್ಲಿ ಇದೆ ಎಂದು ಇವರು ಎಲ್ಲೋ ಓದಿ ತರಿಸಿಯೂ ಇಟ್ಟಿದ್ದರು. ಅದರಲ್ಲಿರುವುದು ಹೆಚ್ಚಿನಂಶ ಬಿ12ರ ತರಹ ಕಾಣುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ವಸ್ತು.

ಮಾತ್ರೆಯ ಮೇಲಿನ ಸಂಖ್ಯೆ ನೋಡಿ ಹೆದರುವವರು ಬಹಳ. ಬೇಕಾದದ್ದು 2.4 ಮೈಕ್ರೋಗ್ರಾಂ, ಮಾತ್ರೆಯಲ್ಲಿ 1000 ಇದೆಯಲ್ಲ ಅಂತ. ದೇಹದ ಬಿ12 ಬಾಗಿಲು ಕಿರಿದು. ಒಂದು ಸಲಕ್ಕೆ ಸುಮಾರು 2 ಮೈಕ್ರೋಗ್ರಾಂ ಮಾತ್ರ ಆ ಮುಖ್ಯ ದಾರಿಯಲ್ಲಿ ಒಳಗೆ ಹೋಗುತ್ತದೆ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಸುಮ್ನೆ ಸೋರಿಕೊಂಡು ಒಳಗೆ ಹೋಗುತ್ತದೆ. ಅದಕ್ಕೇ ದಿನಾ ತೆಗೆದುಕೊಂಡರೆ 10 ಮೈಕ್ರೋಗ್ರಾಂ ಸಾಕು, ವಾರಕ್ಕೊಂದೇ ಸಲವಾದರೆ 2000 ಬೇಕು ಎಂಬ ವಿಚಿತ್ರ ಲೆಕ್ಕ. ಇನ್ನೊಂದು ಅನುಕೂಲ, ಮಾತ್ರೆಯ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲ. ಹೊಟ್ಟೆಯ ಆಮ್ಲ ಕಡಿಮೆ ಇದ್ದವರಿಗೂ ಅದು ಸಿಗುತ್ತದೆ. ಕೊರತೆ ಇರುವವರು ಎಷ್ಟು ತೆಗೆದುಕೊಳ್ಳಬೇಕೆಂಬುದು ಬೇರೆಯೇ ಲೆಕ್ಕ, ಅದನ್ನು ವೈದ್ಯರೇ ಹೇಳಬೇಕು.

ಕಬ್ಬಿಣದ ಮಾತ್ರೆಯನ್ನು ವೈದ್ಯರು ದಿನ ಬಿಟ್ಟು ದಿನ ಕೊಟ್ಟರು. ಒಂದು ಮಾತ್ರೆ ಒಳಗೆ ಹೋದ ಮೇಲೆ ದೇಹವೇ ಕಬ್ಬಿಣದ ಬಾಗಿಲನ್ನು ಒಂದು ದಿನ ಅರೆಮುಚ್ಚುತ್ತದೆ, ಹಾಗಾಗಿ ಮಧ್ಯೆ ಬಿಡುವು ಕೊಟ್ಟರೆ ಹೆಚ್ಚು ಹತ್ತುತ್ತದೆ. ಕಾಫಿಯನ್ನು ಊಟದಿಂದ ಒಂದು ಗಂಟೆ ದೂರ ತಳ್ಳಿದೆವು. ಕಬ್ಬಿಣ ಚೆನ್ನಾಗಿ ಹತ್ತಲೆಂದು ಕಾಳಿನ ಮೇಲೆ ನಿಂಬೆ ಹಿಂಡುವುದು ಖಾಯಂ ಆಯಿತು.

ಊಟದಲ್ಲಿ ನಾನು ಕೇಳಿಕೊಂಡದ್ದು ಒಂದೇ: ತೆಗೆದ ಪ್ರತಿ ವಸ್ತುವಿನ ಜಾಗಕ್ಕೂ ಒಂದು ವಸ್ತು ಬರಬೇಕು. ಮೊಸರಿನ ಬಟ್ಟಲಿನ ಜಾಗಕ್ಕೆ ಗಟ್ಟಿಯಾಗಿ ಬೇಯಿಸಿದ ಕಾಳು ಒಂದು ಬಟ್ಟಲು, ಸುಮಾರು 15 ಗ್ರಾಂ ಪ್ರೋಟೀನು. ಜಾಮಿನ ಬದಲು ಎರಡು ಚಮಚ ಕಡಲೆಕಾಯಿ ಬೆಣ್ಣೆ. ಚಿಪ್ಸಿನ ಜಾಗಕ್ಕೆ ಹುರಿದ ಕಡಲೆ. ರಾತ್ರಿ ತೋಫು, ಅಂದರೆ ಸೋಯಾ ಹಾಲಿನಿಂದ ಮಾಡುವ ಪನೀರಿನಂಥದ್ದು. ಸೋಯಾ ಹಾಲು ಒಂದು ಲೋಟ, ಅದರಲ್ಲಿ 7, 8 ಗ್ರಾಂ. ಇವರು ಮನೆಯಲ್ಲಿಟ್ಟಿದ್ದ ಬಾದಾಮಿ ಹಾಲಿನಲ್ಲಿ ಇದ್ದದ್ದು ಲೋಟಕ್ಕೆ 1 ಗ್ರಾಂ. ಹೆಸರು ಹಾಲು ಅಂತಿದ್ದರೂ ಅದು ಹಾಲಿನ ಕೆಲಸ ಮಾಡುವುದಿಲ್ಲ. ಕಾಳು ಹೆಚ್ಚಾದಾಗ ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರಿಸಿತು. ನೆನೆಸಿದ ನೀರು ಚೆಲ್ಲಿ, ಅರ್ಧ ಬಟ್ಟಲಿನಿಂದ ಶುರುಮಾಡಿ ನಿಧಾನಕ್ಕೆ ಏರಿಸಿದ ಮೇಲೆ ಸರಿಹೋಯಿತು.

ಕ್ಯಾಲ್ಸಿಯಂ ಬಗ್ಗೆ ಅಮ್ಮನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಬ್ರಿಟನ್ನಿನಲ್ಲಿ ಸುಮಾರು 55 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ಹೇಳಿದ್ದು, ಮಾಂಸ ತಿನ್ನುವವರಿಗಿಂತ ವೀಗನ್‌ಗಳಲ್ಲಿ ಮೂಳೆ ಮುರಿಯುವ ಸಂಭವ ಶೇ. 43 ಹೆಚ್ಚು. ಇದು ದೇಹತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲಿನ ಅಂಕಿ. ಕ್ಯಾಲ್ಸಿಯಂ, ಪ್ರೋಟೀನನ್ನೂ ಹಿಡಿದಾಗ ಅಂತರ ಕಿರಿದಾಯಿತು, ಆದರೆ ಪೂರ್ತಿ ಮಾಯವಾಗಲಿಲ್ಲ. ಇದನ್ನು ಇವರ ಮುಂದೆ ಇಟ್ಟೆ. ಮುಚ್ಚಿಡುವುದರಿಂದ ಲಾಭವಿಲ್ಲ. ಹಾಗೆಂದು ಇದು ಹಾಲಿಗೆ ವಾಪಸ್ ಹೋಗಿ ಎಂಬ ಆಜ್ಞೆಯೂ ಅಲ್ಲ. ತೂಕ ಇಳಿಯಲು ಬಿಡಬೇಡಿ, ಭಾರ ಎತ್ತುವ ವ್ಯಾಯಾಮ ಮಾಡಿ, ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆಂದು ಹೆಸರಿಟ್ಟು ಹೇಳುವಂತಿರಲಿ, ಇಷ್ಟು ಅರ್ಥ ಮಾಡಿಕೊಂಡರೆ ಸಾಕು.

ಇವರು ಪಾಲಕ್ ಮೇಲೆ ಭರವಸೆ ಇಟ್ಟಿದ್ದರು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕಿರುತ್ತದೆ. ದೇಹಕ್ಕೆ ದಕ್ಕುವುದು ಶೇ. 5ರ ಆಸುಪಾಸು. ಹಾಲಿನದ್ದು ಶೇ. 30 ದಕ್ಕುತ್ತದೆ. ಕೇಲ್, ಬ್ರೊಕೊಲಿಯಂಥ ಎಲೆಕೋಸಿನ ಜಾತಿಯವು ಹಾಲಿಗಿಂತಲೂ ಚೆನ್ನಾಗಿ ದಕ್ಕುತ್ತವೆ, ಕಷ್ಟವೆಂದರೆ ತಟ್ಟೆ ತುಂಬ ತಿನ್ನಬೇಕು. ಹಾಗಾಗಿ ಮುಖ್ಯ ಭಾರವನ್ನು ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಮತ್ತು ಕ್ಯಾಲ್ಸಿಯಂ ಹಾಕಿ ಗಟ್ಟಿ ಮಾಡಿದ ತೋಫುವಿನ ಮೇಲೆ ಹಾಕಿದೆವು. ಡಬ್ಬಿ ಚೆನ್ನಾಗಿ ಅಲ್ಲಾಡಿಸದಿದ್ದರೆ ಸೇರಿಸಿದ ಕ್ಯಾಲ್ಸಿಯಂ ತಳದಲ್ಲೇ ಕೂತಿರುತ್ತದೆ. ಸಾವಯವ ಎಂದು ಬರೆದ ಎಷ್ಟೋ ಡಬ್ಬಿಗಳಲ್ಲಿ ಏನೂ ಸೇರಿಸಿರುವುದೇ ಇಲ್ಲ. ಇದನ್ನೆಲ್ಲ ಲೇಬಲ್ ಓದಿಯೇ ತಿಳಿಯಬೇಕು.

ಕಾಫಿ, ಮತ್ತು ಲೇಬಲ್

ನನ್ನ ಅನುಭವದಲ್ಲಿ ಜನ ವೀಗನ್ ದಾರಿಯಿಂದ ವಾಪಸ್ ಹೋಗುವುದು ಬಿ12ಗಾಗಿ ಅಲ್ಲ, ಕಾಫಿಗಾಗಿ. ಇವರೂ ಸೋಯಾ ಹಾಲನ್ನು ಕುದಿಯುವ ಕಾಫಿಗೆ ಸುರಿದಿದ್ದರು. ಲೋಟದಲ್ಲಿ ಬಿಳಿ ಚೂರುಗಳು ತೇಲಿದವು. ಹಾಳಾಗಿದೆ ಅಂದುಕೊಂಡು ಡಬ್ಬಿಯನ್ನೇ ಎಸೆದರು. ಹಾಳಾಗಿರಲಿಲ್ಲ. ಕಾಫಿಯ ಹುಳಿ, ಬಿಸಿ ಎರಡೂ ಒಟ್ಟಿಗೆ ತಾಗಿದರೆ ಸೋಯಾ ಪ್ರೋಟೀನು ಒಡೆಯುತ್ತದೆ. ತೋಫು ಮಾಡುವಾಗಲೂ ಆಗುವುದು ಹೆಚ್ಚುಕಡಿಮೆ ಇದೇ. ಮೊದಲು ಸೋಯಾ ಹಾಲನ್ನು ಬೆಚ್ಚಗೆ ಮಾಡಿ ಲೋಟಕ್ಕೆ ಹಾಕಿ, ಸ್ವಲ್ಪ ಆರಿದ ಕಾಫಿಯನ್ನು ಅದರ ಮೇಲೆ ನಿಧಾನಕ್ಕೆ ಬಿಡಿ ಅಂದೆ. ಒಡೆಯಲಿಲ್ಲ, ಆದರೆ ರುಚಿ ಹಿಡಿಸಲಿಲ್ಲ. ಕೊನೆಗೆ ಕಾಫಿಗೆ ಓಟ್ಸ್ ಹಾಲು, ಬೆಳಿಗ್ಗೆ ಬರಿದೇ ಕುಡಿಯಲು ಸೋಯಾ ಹಾಲು ಎಂದು ರಾಜಿಯಾಯಿತು. ಓಟ್ಸ್ ಹಾಲಿನಲ್ಲಿ ಪ್ರೋಟೀನು ಕಡಿಮೆ, ಅದಕ್ಕೇ ಒಡೆಯುವುದೂ ಕಡಿಮೆ.

ಚೀಸ್ ಆಸೆ ಎರಡು ತಿಂಗಳು ಕಾಡಿತಂತೆ. ಚೀಸ್ ಚಟ ಹಿಡಿಸುವ ವಸ್ತು ಎಂಬ ಮಾತು ಓಡಾಡುತ್ತಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಕೊಬ್ಬು, ಉಪ್ಪು, ಹುಳಿ ಒಟ್ಟಿಗೆ ಸಿಕ್ಕರೆ ನಾಲಿಗೆ ಯಾವುದಕ್ಕಾದರೂ ಸೋಲುತ್ತದೆ. ಗೋಡಂಬಿ ರುಬ್ಬಿ, ನಿಂಬೆ, ಉಪ್ಪು, ಚೀಸ್‌ನಂಥ ರುಚಿ ಕೊಡುವ ನ್ಯೂಟ್ರಿಷನಲ್ ಯೀಸ್ಟ್ ಪುಡಿ ಸೇರಿಸಿದ ಗೊಜ್ಜಿನಂಥದ್ದು ಇವರಿಗೆ ಸಾಕಾಯಿತು.

ಲೇಬಲ್ ಓದುವುದರಲ್ಲಿ ಇವರು ನನಗಿಂತ ಚುರುಕಾದರು. ಕೇಸಿನ್, ವೇ, ಹಾಲಿನ ಘನಾಂಶ, ಲ್ಯಾಕ್ಟೋಸ್ ಇವೆಲ್ಲ ಹಾಲೇ. 'ನಾನ್ ಡೈರಿ' ಎಂದು ಮುಂದೆ ಬರೆದ, ಹಾಲಿನ ಬದಲು ಕಾಫಿಗೆ ಹಾಕುವ ಪುಡಿಯ ಪೊಟ್ಟಣದ ಹಿಂದೆ ಸೋಡಿಯಂ ಕೇಸಿನೇಟ್ ಎಂದಿರುವುದನ್ನು ತೋರಿಸಿದ್ದು ಅವರೇ. ಆಮೇಲೆ ಮಾತ್ರೆಯ ಸರದಿ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ಜೆಲಟಿನ್, ಮಾತ್ರೆಯ ಒಳಗೆ ಲ್ಯಾಕ್ಟೋಸ್, ವಿಟಮಿನ್ ಡಿ3 ಮಾಡುವುದು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ. ಡಿ3ಗೆ ಕಲ್ಲುಹೂವಿನಿಂದ ತೆಗೆದದ್ದು ಸಿಗುತ್ತದೆ, ಅದನ್ನು ಹಿಡಿದರು. ಕಬ್ಬಿಣದ ಮಾತ್ರೆಗೆ ಬದಲಿ ಸಿಗಲಿಲ್ಲ. ಬಿಟ್ಟುಬಿಡಲಾ ಅಂದರು. ಬೇಡ ಅಂದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೀಗನ್ ಸೊಸೈಟಿಯ ವ್ಯಾಖ್ಯೆಯಲ್ಲೇ 'ಸಾಧ್ಯವಿರುವಷ್ಟು, ಕಾರ್ಯಸಾಧ್ಯವಿರುವಷ್ಟು' ಎಂಬ ಅರ್ಥದ ಮಾತಿದೆ. ಫೆರಿಟಿನ್ 11 ಇಟ್ಟುಕೊಂಡು ಮಾತ್ರೆಯೊಳಗಿನ ಚಿಟಿಕೆ ಲ್ಯಾಕ್ಟೋಸಿಗಾಗಿ ಚಿಕಿತ್ಸೆ ಬಿಡುವುದರಿಂದ ಯಾವ ಹಸುವಿಗೂ ಉಪಕಾರವಿಲ್ಲ.

ಮೂರು ತಿಂಗಳ ಮೇಲೆ

ಬಿ12 480. ಹಿಮೋಗ್ಲೋಬಿನ್ 12.6. ಫೆರಿಟಿನ್ 31, ಇನ್ನೂ ಏರಬೇಕು. ತೂಕ ಎರಡು ಕೆಜಿ ವಾಪಸ್ ಬಂದಿತ್ತು. ಸುಸ್ತು ಮೊದಲು ಹೋಯಿತು. ಜುಮುಜುಮು ಕೊನೆಗೆ, ನಿಧಾನಕ್ಕೆ ಹೋಯಿತು, ಎಡಗಾಲಿನ ಕಿರುಬೆರಳಲ್ಲಿ ಸ್ವಲ್ಪ ಉಳಿದಿದೆ. ನರ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ, ತಡವಾಗಿ ಹಿಡಿದರೆ ಪೂರ್ತಿ ಹೋಗದೆಯೂ ಇರಬಹುದು. ಹೊಟ್ಟೆಯುರಿಯ ಮಾತ್ರೆ ಇನ್ನೂ ಬೇಕೇ ಎಂದು ವೈದ್ಯರು ನೋಡಿ, ಹಂತಹಂತವಾಗಿ ನಿಲ್ಲಿಸಿದರು. ಮೊಸರು ಶುರುಮಾಡುವ ಮಾತು ಮತ್ತೆ ಬರಲಿಲ್ಲ.

ಬಂದದ್ದು ಬೇರೆ ಮಾತು. ಮಗು ಮಾಡಿಕೊಳ್ಳುವ ಯೋಚನೆ ಇದೆ, ಹೀಗೇ ಇರಬಹುದಾ?

ಇದಕ್ಕೆ ಹೌದು ಅನ್ನುವ ಮುಂಚೆ ನಾನು ಎರಡು ಸಲ ಯೋಚಿಸುತ್ತೇನೆ. ಅಮೆರಿಕದ ಆಹಾರತಜ್ಞರ ಸಂಸ್ಥೆ 2016ರಲ್ಲಿ, ಚೆನ್ನಾಗಿ ಯೋಜಿಸಿದ ವೀಗನ್ ಆಹಾರ ಬಸುರಿ, ಬಾಣಂತಿಯರೂ ಸೇರಿ ಎಲ್ಲರಿಗೂ ಸರಿಹೊಂದುತ್ತದೆ ಎಂದಿತ್ತು. 2025ರ ಹೊಸ ಹೇಳಿಕೆ ಬಸುರಿ, ಬಾಣಂತಿಯರಲ್ಲದ ವಯಸ್ಕರ ಬಗ್ಗೆ ಮಾತ್ರ ಮಾತಾಡುತ್ತದೆ. ಬಸಿರಿನಲ್ಲಿ ಬೇಡ ಎಂದು ಅದರ ಅರ್ಥವಲ್ಲ. ಆ ಸಮಯದ ಲೆಕ್ಕವೇ ಬೇರೆ, ಅಷ್ಟೇ. ಅಯೋಡಿನ್ 150 ಮೈಕ್ರೋಗ್ರಾಂ ಇದ್ದದ್ದು 220, 250ಕ್ಕೆ ಏರುತ್ತದೆ, ಉಪ್ಪೊಂದರಿಂದಲೇ ಅಷ್ಟು ಸಿಗುವುದು ಕಷ್ಟ. ಸಮುದ್ರದ ಪಾಚಿಯಿಂದ ತುಂಬಿಸಲು ಹೋಗಬಾರದು, ಅದರಲ್ಲಿ ಒಂದೊಂದು ಸಲ ಒಂದೊಂದು ಪ್ರಮಾಣ. ಕೋಲಿನ್ ಎಂಬ ಪೋಷಕಾಂಶ 450 ಮಿ.ಗ್ರಾಂ ಬೇಕು, ಮೊಟ್ಟೆ ತಿನ್ನದವರಿಗೆ ಅದು ದೊಡ್ಡ ಮೊತ್ತ. ಅಗಸೆ ಬೀಜದ ಒಮೆಗಾ 3 ಮಗುವಿನ ಮಿದುಳಿಗೆ ಬೇಕಾದ ಡಿಎಚ್‌ಎ ಆಗಿ ಬದಲಾಗುವುದು ಬಹಳ ಕಮ್ಮಿ, ಅದಕ್ಕೆ ಪಾಚಿಯಿಂದ ತೆಗೆದ ಎಣ್ಣೆ ಇದೆ. ಬಿ12 ಅಂತೂ ಒಂದು ದಿನವೂ ತಪ್ಪಬಾರದು. ತಾಯಿಯಲ್ಲಿ ಕೊರತೆ ಇದ್ದರೆ ಎದೆಹಾಲು ಕುಡಿಯುವ ಕೂಸಿಗೂ ಕೊರತೆ, ಕೂಸಿನ ನರಕ್ಕೆ ಆದ ಪೆಟ್ಟು ದೊಡ್ಡವರಿಗಾದಷ್ಟು ಸುಲಭಕ್ಕೆ ವಾಸಿಯಾಗುವುದಿಲ್ಲ.

ಸದ್ಯಕ್ಕೆ ಫೋಲಿಕ್ ಆಮ್ಲ ಶುರುವಾಗಿದೆ. ಅಯೋಡಿನ್ ಮತ್ತು ಕೋಲಿನ್ ಎರಡೂ ಇರುವ ಪ್ರಸವಪೂರ್ವ ಮಾತ್ರೆ ಯಾವುದಿದೆ ಎಂದು ಲೇಬಲ್ ಹಿಡಿದು ಹುಡುಕುತ್ತಿದ್ದಾರೆ. ಎಷ್ಟೋ ಮಾತ್ರೆಗಳಲ್ಲಿ ಇವೆರಡೂ ಇರುವುದಿಲ್ಲ. ಫೆರಿಟಿನ್ ಇನ್ನಷ್ಟು ಏರಲಿ, ಆಮೇಲೆ ನೋಡೋಣ ಎಂದಿದ್ದಾರೆ ವೈದ್ಯರು.